ಮಲೆಯೂರಿನ ದೇವಚಂದ್ರನೂ ಭದ್ರಬಾಹುವಿನ ನಿಮಿತ್ತವೂ

ಕೊಳ್ಳೇಗಾಲವೆಂದೊಡನೆ ಕನ್ನಡನಾಡಿನ ಇತರ ಭಾಗದವರಿಗೆ ನೆನಪಾಗುವುದು ಮಾಟಮಂತ್ರ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಗಡಿಸೀಮೆಯಲ್ಲಿ, ಹನೂರಿನ ಕಡೆಯ ಮಲೆಗಳವರೆಗೂ, ಕಣಿ ಕೇಳುವ, ಶಕುನ ನೋಡುವ ರೂಢಿಗಳು ಬಲವಾಗಿದ್ದವೆಂಬುದು ನಿಜ. ದಕ್ಷಿಣದ ಸಂತೆ ಜಾತ್ರೆಗಳಿಗೆ ಪರಿಚಿತವಾದ ಗಿಣಿಶಾಸ್ತ್ರವೂ ಅಂಥದೇ. ಸಾಲಾಗಿ ಜೋಡಿಸಿದ ಚಿತ್ರದ ಚೀಟಿಗಳಲ್ಲಿ ಗಿಣಿಯು ಒಂದನ್ನು ಎಳೆಯುತ್ತದೆ. ಅದರಲ್ಲಿರುವ ಚಿತ್ರವನ್ನು ಶಾಸ್ತ್ರದವನು ಕೇಳಲು ಬಂದವನ ಬದುಕಿಗೆ ಹೊಂದಿಸಿ ವಿವರಿಸುತ್ತಾನೆ. ಈಚೆಗೆ ನಗರಗಳಲ್ಲಿ ಬಳಕೆಗೆ ಬಂದಿರುವ ಒರಾಕಲ್ ಕಾರ್ಡುಗಳಲ್ಲಿ ಗಿಣಿಯೂ ಇಲ್ಲ, ಶಾಸ್ತ್ರದವನೂ ಇಲ್ಲ. ಚೀಟಿಯನ್ನು ಎಳೆಯುವವನೇ ಅದನ್ನು ಓದುತ್ತಾನೆ. ಚೀಟಿಯು ಭವಿಷ್ಯವನ್ನು ಹೇಳುವುದಿಲ್ಲ, ಒಳಗಿರುವ ಅರಿವನ್ನು ಎಬ್ಬಿಸುತ್ತದೆ ಎಂಬುದು ಅದನ್ನು ಬಳಸುವವರ ವಾದ. ಹಾಗಾದರೆ ಅರಿವು ಇರುವುದು ಕುರುಹಿನಲ್ಲೋ, ಅದನ್ನು ಕಂಡವನಲ್ಲೋ? ಜೈನ ಪರಂಪರೆಯಲ್ಲಿ ಈ ಪ್ರಶ್ನೆ ಬಹಳ ಹಳೆಯದು. ಅದಕ್ಕೆ ಕನ್ನಡದಲ್ಲಿ ದೊರೆತ ಒಂದು ಗಮನಾರ್ಹ ಉತ್ತರವು ಯಳಂದೂರಿನ ನೆರೆಯಲ್ಲಿ, ಚಾಮರಾಜನಗರ ಸೀಮೆಯ ಮಲೆಯೂರಿನಲ್ಲಿ ಹುಟ್ಟಿದ ದೇವಚಂದ್ರನ ‘ರಾಜಾವಳೀಕಥೆ’ಯಲ್ಲಿದೆ.

ಕನಕಗಿರಿಯ ತಪ್ಪಲಿನ ಈ ವಿದ್ವಾಂಸನು (1770–1841) ಕರ್ನಲ್ ಮೆಕೆಂಜಿಯ ಸರ್ವೇಕ್ಷಣೆಯ ಕಾಲದಲ್ಲಿ ಸ್ಥಳೀಯ ವೃತ್ತಾಂತಗಳನ್ನು ಒದಗಿಸಿದವನು. ಮುಂದೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಆಶ್ರಯದಲ್ಲಿ ತನ್ನ ಬೃಹತ್ಕೃತಿಯನ್ನು ರೂಪಿಸಿದವನು. 1889ರಲ್ಲಿ ಬಿ. ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ಭದ್ರಬಾಹು ಚಂದ್ರಗುಪ್ತರ ದಕ್ಷಿಣಾಗಮನಕ್ಕೆ ಈ ಗ್ರಂಥದ ಕಥೆಯನ್ನೂ ಆಧಾರವಾಗಿ ಮುಂದಿಟ್ಟನು. ಫ್ಲೀಟ್ ಮೊದಲಾದವರು ಅದನ್ನು ಒಪ್ಪಲಿಲ್ಲ. ಅಂದಿನಿಂದ ದೇವಚಂದ್ರನನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿ, ಅವನು ಬಹಳ ಈಚಿನವನೆಂದು ಕೆಳಗಿಳಿಸುವುದೇ ಚರಿತ್ರಕಾರರ ವಾಡಿಕೆಯಾಯಿತು. ಅವನು ನಿಮಿತ್ತವನ್ನು ಹೇಗೆ ಓದಿದನೆಂಬುದರ ಕಡೆಗೆ ಅಷ್ಟಾಗಿ ಗಮನ ಹರಿಯಲಿಲ್ಲ.

ಚಂದ್ರಗಿರಿಯ, ಕ್ರಿ. ಶ. ಸುಮಾರು 600ರ ಶಾಸನದಲ್ಲಿ ಸಂಗತಿ ಸಂಕ್ಷಿಪ್ತ. ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕಾಲವೈಷಮ್ಯವನ್ನು ನಿಮಿತ್ತದಿಂದ ತಿಳಿದು ಹೇಳಲು, ಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಕ್ಕೆ ಹೊರಟಿತು. ಅಂಗ, ಸ್ವರ, ಲಕ್ಷಣ, ವ್ಯಂಜನ, ಛಿನ್ನ, ಭೌಮ, ಅಂತರಿಕ್ಷ, ಸ್ವಪ್ನ ಎಂಬ ಎಂಟರಲ್ಲಿ ಅವನು ಕಂಡದ್ದು ಯಾವುದನ್ನೆಂದು ಶಾಸನ ತಿಳಿಸುವುದಿಲ್ಲ. 931ರಲ್ಲಿ ‘ಬೃಹತ್ಕಥಾಕೋಶ’ವನ್ನು ರಚಿಸಿದ ಹರಿಷೇಣನು ಆ ತೆರಪನ್ನು ತುಂಬುತ್ತಾನೆ. ಭಿಕ್ಷೆಗೆ ಹೋದ ಮನೆಯಲ್ಲಿ ತೊಟ್ಟಿಲ ಕೂಸು ಮಾತನಾಡಿ, ಬೇಗನೆ ಹೊರಟುಹೋಗೆಂದು ಮುನಿಗೆ ಹೇಳುತ್ತದೆ. ಇಲ್ಲಿ ಕುರುಹೇ ಒಂದು ಪವಾಡ. ಕಿವಿಯುಳ್ಳ ಯಾರಿಗಾದರೂ ಅದು ಕೇಳಿಸೀತು.

ದೇವಚಂದ್ರನಲ್ಲಿ ಕೂಸು ಮಾತನಾಡುವುದಿಲ್ಲ. ಚರಿಗೆಗೆ ಹೋದ ಭದ್ರಬಾಹುವು ಬಾಗಿಲಲ್ಲಿ ನಿಂತು ಕರೆಯುತ್ತಾನೆ. ಒಳಗೆ ತೊಟ್ಟಿಲಲ್ಲಿ ಮಗು ಗಟ್ಟಿಯಾಗಿ ಅಳುತ್ತಿರುವುದರಿಂದ ಅವನ ಕರೆ ಯಾರಿಗೂ ಕೇಳಿಸುವುದಿಲ್ಲ. ಹನ್ನೆರಡು ಸಲ ಕರೆದರೂ ಓಗೊಡುವವರಿಲ್ಲ. ಅಷ್ಟರಿಂದಲೇ ಅವನು ಹನ್ನೆರಡು ವರ್ಷಗಳ ಕ್ಷಾಮವನ್ನು ಅರಿಯುತ್ತಾನೆ. ಮಗು ಅಳುವುದರಲ್ಲಾಗಲಿ ಮನೆಯವರಿಗೆ ಕರೆ ಕೇಳಿಸದಿರುವುದರಲ್ಲಾಗಲಿ ಅಲೌಕಿಕವಾದುದೇನೂ ಇಲ್ಲ. ಊರಿನ ಯಾವ ಮನೆಯಲ್ಲಾದರೂ ಯಾವ ದಿನವಾದರೂ ನಡೆಯಬಹುದಾದ ಸಂಗತಿ. ಒಂಬೈನೂರು ವರ್ಷಗಳ ಅಂತರದಲ್ಲಿ ಅದ್ಭುತವು ತೊಟ್ಟಿಲಿನಿಂದ ಮುನಿಯ ಮನಸ್ಸಿಗೆ ಸ್ಥಳಾಂತರಗೊಂಡಿದೆ. ಕಥೆ ಬೆಳೆಯುತ್ತ ಹೋದಂತೆ ಪವಾಡವೂ ಬೆಳೆಯುತ್ತದೆಂಬ ಸಾಮಾನ್ಯ ನಂಬಿಕೆಗೆ ಇದು ತಕ್ಕುದಲ್ಲ. ದೇವಚಂದ್ರನಿಗೆ ಈ ರೂಪವು ಹಿಂದಿನ ಬೇರೊಂದು ಮೂಲದಿಂದ ಬಂದಿದ್ದರೂ, ಅದನ್ನೇ ಉಳಿಸಿಕೊಂಡದ್ದು ಅವನ ಆಯ್ಕೆಯೆಂದೇ ಎಣಿಸಬೇಕು.

ಸ್ವಪ್ನಗಳಿಗೂ ಅವನಲ್ಲಿ ಎಡೆಯಿದೆ. ಚಂದ್ರಗುಪ್ತನು ಕಂಡ ಹದಿನಾರು ಕನಸುಗಳು ಒಂದೊಂದೂ ಒಂದು ಚಿತ್ರಪಟದಂತಿವೆ: ಮುಳುಗುವ ಸೂರ್ಯ, ಮುರಿದುಬೀಳುವ ಕಲ್ಪವೃಕ್ಷದ ಕೊಂಬೆ, ಸೀಳಿದ ಚಂದ್ರಬಿಂಬ, ಮಿಣುಕುಹುಳುಗಳು, ಬತ್ತಿದ ಕೆರೆ, ಸಿಂಹಾಸನವೇರಿದ ಕಪಿ, ಚಿನ್ನದ ಬಟ್ಟಲಲ್ಲಿ ಪಾಯಸ ತಿನ್ನುವ ನಾಯಿ, ಕೊನೆಗೆ ಹನ್ನೆರಡು ಹೆಡೆಗಳ ಹಾವು. ಕಂಡವನು ಅರಸ, ಅರ್ಥ ಹೇಳಿದವನು ಭದ್ರಬಾಹು. ಚಿತ್ರ ತನಗೆ ತಾನೇ ಏನನ್ನೂ ಹೇಳದು. (ಯುರೋಪಿನಲ್ಲಿ ಚೀಟಿ ನೋಡಿ ಭವಿಷ್ಯ ಹೇಳುವುದಕ್ಕೆ ಹೆಸರಾದ ಪ್ಯಾರಿಸಿನ ಮದಾಮ್ ಲೆನೊರ್ಮಾಂ 1843ರಲ್ಲಿ ತೀರಿಕೊಂಡಳು. ಅವಳು ದೇವಚಂದ್ರನ ಸಮಕಾಲೀನಳು. 36 ಚಿತ್ರಗಳ ಕಟ್ಟೊಂದು ಅವಳ ಹೆಸರಿನಲ್ಲಿ ಹೊರಬಂದದ್ದು ಅವಳು ತೀರಿಕೊಂಡ ಮೇಲೆ.)

‘ನಿಮಿತ್ತ’ವೆಂಬ ಶಬ್ದದಲ್ಲಿಯೇ ಜೈನರ ನಿಲುವು ಅಡಗಿದೆ. ಅದು ಶಕುನವೂ ಹೌದು, ಕಾರಣವೂ ಹೌದು. ಕಾರಣವೆಂಬಲ್ಲಿ ಅದು ಉಪಾದಾನದಿಂದ ಬೇರೆ: ಮಡಕೆಗೆ ಮಣ್ಣು ಉಪಾದಾನ, ಕುಂಬಾರನೂ ತಿಗುರಿಯೂ ನಿಮಿತ್ತ. ಜ್ಞಾನವು ಆತ್ಮದ ಗುಣ. ಜ್ಞಾನಾವರಣೀಯ ಕರ್ಮವು ಸಡಿಲಿದಷ್ಟು ಅದು ಪ್ರಕಟವಾಗುತ್ತದೆ. ಹೊರಗಿನ ಕುರುಹು ಅದಕ್ಕೆ ಸಂದರ್ಭವನ್ನು ಒದಗಿಸೀತೇ ಹೊರತು ಅದನ್ನು ಉಂಟುಮಾಡದು. ದಾಳವನ್ನು ಮೂರು ಸಲ ಎಸೆದು, ದೊರೆಯುವ ಅರವತ್ತನಾಲ್ಕು ಸಂಯೋಗಗಳಿಂದ ಫಲ ಹೇಳುವ ಪದ್ಧತಿಗೆ ‘ಪಾಶಕಕೇವಲೀ’ ಎಂಬ ಹೆಸರು ನಿಂತದ್ದು ಈ ದೃಷ್ಟಿಯಿಂದ ತುಸು ವಿಡಂಬನೆಯೇ ಸರಿ. ಕೂಚಾದಲ್ಲಿ ದೊರೆತ ಬೋವರ್ ಹಸ್ತಪ್ರತಿಯಲ್ಲಿಯೂ ಇಂಥ ದಾಳದ ಗ್ರಂಥಗಳಿರುವುದರಿಂದ ಪದ್ಧತಿಯ ಪ್ರಾಚೀನತೆಯಲ್ಲಿ ಸಂದೇಹವಿಲ್ಲ. ಆದರೆ ಶ್ರುತಕೇವಲಿಯಾದ ಭದ್ರಬಾಹುವಿಗೂ ಸಲ್ಲದ ಕೇವಲಜ್ಞಾನದ ನೆರಳನ್ನು ಅದು ಮೂಳೆಯ ತುಂಡಿಗೆ ಹೊದಿಸುತ್ತದೆ.

ಇದೇ ಅಂಶವನ್ನು ಶ್ವೇತಾಂಬರ ಪರಂಪರೆಯ ನಂದೀಸೂತ್ರದ ವ್ಯಾಖ್ಯಾನಕಾರರು ಬುದ್ಧಿಯ ಬಗೆಗಳನ್ನು ವಿವರಿಸುತ್ತ ಒಂದು ಕಥೆಯಿಂದ ತೋರಿಸಿದ್ದಾರೆ. ನಿಮಿತ್ತಶಾಸ್ತ್ರವನ್ನು ಒಬ್ಬನೇ ಗುರುವಿನಲ್ಲಿ ಕಲಿತ ಇಬ್ಬರು ಶಿಷ್ಯರನ್ನು, ನೀರು ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು, ದೇಶಾಂತರ ಹೋದ ತನ್ನ ಮಗ ಎಂದು ಬರುವನೆಂದು ಕೇಳುತ್ತಾಳೆ. ಆ ಕ್ಷಣದಲ್ಲಿಯೇ ಅವಳ ಕೊಡ ಬಿದ್ದು ಒಡೆಯುತ್ತದೆ. ಮಗ ಸತ್ತನೆಂದು ಒಬ್ಬನು ಹೇಳುತ್ತಾನೆ. ಮತ್ತೊಬ್ಬನು, ಮಣ್ಣಿನಿಂದ ಹುಟ್ಟಿದ ಕೊಡ ಮಣ್ಣನ್ನೇ ಸೇರಿತು, ಹಾಗೆಯೇ ಮಗನೂ ತಾಯಿಯನ್ನು ಸೇರಿದ್ದಾನೆ, ಮನೆಗೆ ಹೋಗಿ ನೋಡೆನ್ನುತ್ತಾನೆ. ಮಗ ಮನೆಯಲ್ಲಿದ್ದನು. ಗುರು ಇಬ್ಬರಿಗೂ ಪಕ್ಷಪಾತವಿಲ್ಲದೆ ಕಲಿಸಿದ್ದನು. ಕೊಡ ಇಬ್ಬರ ಕಣ್ಣೆದುರಿಗೂ ಒಡೆಯಿತು. ವ್ಯತ್ಯಾಸವಿದ್ದದ್ದು ವಿಮರ್ಶೆಯಲ್ಲಿ. ಇಂದಿನವರು ಅಂತರ್ಬೋಧೆಯೆನ್ನುವುದನ್ನು ಈ ವ್ಯಾಖ್ಯಾನಕಾರರು ವೈನಯಿಕೀ ಬುದ್ಧಿ, ಅಂದರೆ ವಿನಯದಿಂದ ಕಲಿತು ಮಾಗಿದ ಬುದ್ಧಿ, ಎಂಬಲ್ಲಿ ಇರಿಸಿದ್ದಾರೆ. ಕಲಿಕೆಯಿಲ್ಲದೆ ಥಟ್ಟನೆ ಮೂಡುವ ಔತ್ಪತ್ತಿಕೀ ಬುದ್ಧಿಯನ್ನು ಅವರು ಬಲ್ಲರು. ಆದರೂ ನಿಮಿತ್ತವನ್ನು ಅದರಡಿಯಲ್ಲಿ ತರಲಿಲ್ಲ. ಚೀಟಿ ಎಳೆದೊಡನೆ ಅರಿವು ಮೂಡೀತೆಂಬ ಇಂದಿನ ಭರವಸೆಗೆ ಇದಕ್ಕಿಂತ ಗಂಭೀರವಾದ ಆಕ್ಷೇಪ ಇರಲಾರದು.

ಶಾಸ್ತ್ರವನ್ನು ಜೈನರು ತಿರಸ್ಕರಿಸಿದರೆಂದಲ್ಲ. ಕನ್ನಡದಲ್ಲಿಯೇ ಶ್ರೀಧರಾಚಾರ್ಯನ ‘ಜಾತಕತಿಲಕ’, ಮಳೆಬೆಳೆಯ ಕುರುಹುಗಳನ್ನು ವಿವರಿಸುವ ಅರ್ಹದ್ದಾಸನ ‘ರಟ್ಟಮತ’ ಇವೆ. ಆದರೆ ‘ಮೂಲಾಚಾರ’ವು ಮುನಿಯ ಆಹಾರಕ್ಕೆ ಸಂಬಂಧಿಸಿದ ಹದಿನಾರು ಉತ್ಪಾದನ ದೋಷಗಳಲ್ಲಿ ನಿಮಿತ್ತವನ್ನೂ ಎಣಿಸಿದೆ: ಶಕುನ ಹೇಳಿ ಪಡೆದ ಅನ್ನ ಯತಿಗೆ ಸಲ್ಲದು. ತಿಳಿಯಬಹುದು, ಮಾರಬಾರದು. ಈ ನಿಯಮವನ್ನು ನೆನೆದು ಓದಿದಾಗ ದೇವಚಂದ್ರನ ಬಾಗಿಲ ದೃಶ್ಯಕ್ಕೆ ಹೊಸ ಅರ್ಥ ಬರುತ್ತದೆ. ಭಿಕ್ಷೆಗೆಂದು ನಿಂತ ಬಾಗಿಲಲ್ಲಿಯೇ ಮುನಿಗೆ ನಿಮಿತ್ತ ಕಂಡಿತು. ಅದನ್ನು ಹೇಳಿ ಅವನು ಆ ಮನೆಯಿಂದ ತುತ್ತನ್ನು ಪಡೆಯಲಿಲ್ಲ.

ಕ್ಷಾಮದ ಸುದ್ದಿ ತಿಳಿದಾಗ ಮಂತ್ರಿಗಳು ಅದನ್ನು ತಡೆಯಲು ಯಜ್ಞಬಲಿಗಳನ್ನು ನಡೆಸಬೇಕೆಂದರು. ಆ ಜೀವಹಿಂಸೆಯ ಪಾಪವನ್ನು ಕಳೆದುಕೊಳ್ಳಲು ಚಂದ್ರಗುಪ್ತನು ಮಗ ಸಿಂಹಸೇನನಿಗೆ ರಾಜ್ಯವನ್ನೊಪ್ಪಿಸಿ, ದೀಕ್ಷೆ ಪಡೆದು, ದಕ್ಷಿಣಕ್ಕೆ ಹೊರಟ ಸಂಘವನ್ನು ಸೇರಿದನೆಂದು ದೇವಚಂದ್ರನು ಕಥೆಯನ್ನು ಮುಂದುವರಿಸುತ್ತಾನೆ.