ಚಳಿಯಿಲ್ಲದ ಊರಿನಲ್ಲಿ ತುಪ್ಪಳ: ಮುಂಬಯಿಯ ನೆಲೆಯಿಂದ ಒಂದು ವಿಚಾರ

ಮುಂಬಯಿಯ ಹವಾಮಾನ ದಾಖಲೆಗಳಲ್ಲಿ ಅತಿ ಚಳಿಯ ದಿನ 1962ರ ಜನವರಿ 22. ಅಂದು ಸಾಂತಾಕ್ರೂಜ್ ಕೇಂದ್ರದಲ್ಲಿ ಉಷ್ಣಾಂಶ 7.4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಮುಂಬಯಿಗರ ಲೆಕ್ಕದಲ್ಲಿ ಇದು ಮಂಜು ಸುರಿದದ್ದಕ್ಕೆ ಸಮ. ಲಡಾಖಿನ ದ್ರಾಸ್‌ನವರಿಗೆ ಅಂಗಿಯ ಗುಂಡಿ ಬಿಚ್ಚಿ ಓಡಾಡುವ ಹವೆ. ಪ್ರಾಣಿಯ ತುಪ್ಪಳ ಸುತ್ತಿಕೊಳ್ಳದೆ ಬದುಕಲಾಗದು ಎನ್ನುವಂಥ ಚಳಿ ಈ ನಗರಕ್ಕೆ ಬಂದದ್ದೇ ಇಲ್ಲ. ಹಾಗಿದ್ದೂ ತುಪ್ಪಳದ ಉಡುಗೆಯನ್ನು ಇಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ತುಪ್ಪಳ ತೊಡುವವರ ಮೊದಲ ಸಮರ್ಥನೆಯೇ ಚಳಿ. ಆ ಸಮರ್ಥನೆ ನಡೆಯದ ಊರಿನಲ್ಲೂ ತುಪ್ಪಳ ಕಾಣಿಸಿಕೊಂಡರೆ, ಅದು ಅಲ್ಲಿ ಬೇರೇನು ಕೆಲಸ ಮಾಡುತ್ತಿತ್ತು ಎಂದು ಕೇಳಬಹುದು.

ಮೊದಲು ಚಳಿಯ ಮಾತನ್ನೇ ಮುಗಿಸೋಣ. ಬೆಚ್ಚಗಿಡುವುದು ಕೂದಲಲ್ಲ, ಕೂದಲುಗಳ ನಡುವೆ ಅಲುಗಾಡದೆ ಸಿಕ್ಕಿಕೊಂಡ ಗಾಳಿ. ಉತ್ತರ ಧ್ರುವದಂಚಿನ ಇನುಯಿಟ್ ಜನ ಇದನ್ನು ಬಲ್ಲವರು. ಕ್ಯಾರಿಬೂ ಜಿಂಕೆಯ ತೊಗಲಿನಿಂದ ಎರಡು ಪದರದ ಉಡುಗೆ ಮಾಡುತ್ತಾರೆ. ಒಳಗಿನದರ ರೋಮ ಮೈಕಡೆಗೆ, ಹೊರಗಿನದರ ರೋಮ ಗಾಳಿಯ ಕಡೆಗೆ. ಆ ಜಿಂಕೆಯ ಕೂದಲಿನ ಒಳಗೂ ಗಾಳಿಯ ಗೂಡುಗಳಿವೆ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. ಬುದ್ಧನ ಸಮಕಾಲೀನನಾದ ಅಜಿತ ಕೇಶಕಂಬಲಿಗೆ ಆ ಹೆಸರು ಬಂದದ್ದು ಅವನು ಹೊದೆಯುತ್ತಿದ್ದ ಮನುಷ್ಯಕೂದಲಿನ ಕಂಬಳಿಯಿಂದ. ನೇಯ್ದ ಬಟ್ಟೆಗಳಲ್ಲೆಲ್ಲ ಅದೇ ಕಳಪೆ, ಚಳಿಯಲ್ಲಿ ತಣ್ಣಗೆ, ಸೆಕೆಯಲ್ಲಿ ಬಿಸಿ, ಮೇಲೆ ದುರ್ವಾಸನೆ ಎಂದು ಬೌದ್ಧರ ಅಂಗುತ್ತರ ನಿಕಾಯ ಗೇಲಿ ಮಾಡುತ್ತದೆ. ಗೇಲಿಯ ಗುರಿ ಅನ್ಯಮತವಾದರೂ ಅವಲೋಕನ ಸುಳ್ಳಲ್ಲ. ಮನುಷ್ಯನ ತಲೆಗೂದಲಿಗೆ ಕುರಿಯುಣ್ಣೆಯ ಸುರುಳಿಯಿಲ್ಲ, ಅಡಿಯಲ್ಲಿ ಮೆತ್ತನೆಯ ಒಳರೋಮವಿಲ್ಲ, ಗಾಳಿ ನಿಲ್ಲುವುದೆಲ್ಲಿ?

ಪ್ರಾಣಿಯ ತೊಗಲನ್ನು ಯಾರು, ಎಲ್ಲಿ ಬಳಸಬಹುದು ಎಂಬುದನ್ನು ನಿಯಮವಾಗಿ ಚರ್ಚಿಸಿದ ಹಳೆಯ ಪಠ್ಯಗಳಲ್ಲಿ ಬೌದ್ಧ ವಿನಯದ ಮಹಾವಗ್ಗದ ಚರ್ಮ ಪ್ರಕರಣ ನನಗೆ ಮುಖ್ಯವೆನಿಸುತ್ತದೆ. ಅವಂತಿ ಸೀಮೆಯ ಸೋಣ ಕುಟಿಕಣ್ಣನು ಗುರು ಮಹಾಕಚ್ಚಾನನ ಪರವಾಗಿ ಬುದ್ಧನ ಬಳಿಗೆ ಐದು ಬೇಡಿಕೆ ಒಯ್ಯುತ್ತಾನೆ. ಅದರಲ್ಲೊಂದು ಹಾಸಲು ತೊಗಲು ಬೇಕೆಂಬುದು. ಮಧ್ಯದೇಶದಲ್ಲಿ ಹುಲ್ಲಿನ ಚಾಪೆಗಳಿರುವಂತೆ ನಮ್ಮ ಕಡೆ ಕುರಿ, ಮೇಕೆ, ಜಿಂಕೆಗಳ ತೊಗಲಿದೆ ಎಂಬುದು ಅವನ ವಾದ. ಬುದ್ಧ ಒಪ್ಪಿದ, ಆದರೆ ಗಡಿನಾಡುಗಳಿಗೆ ಮಾತ್ರ. ಇಲ್ಲಿ ಗಮನಿಸಬೇಕಾದದ್ದೆಂದರೆ ವಾದದಲ್ಲಿ ಚಳಿಯ ಪ್ರಸ್ತಾಪವೇ ಇಲ್ಲ. ಸೋಣ ಮುಂದಿಟ್ಟದ್ದು ನೆಲದ ರೂಢಿಯನ್ನು. ಸಿಂಹ, ಹುಲಿ, ಚಿರತೆಗಳ ದೊಡ್ಡ ತೊಗಲುಗಳಿಗೆ ಮೊದಲೇ ನಿಷೇಧವಿತ್ತು.

ಅದೇ ಪ್ರಕರಣದಲ್ಲಿ ಒಂದು ಕತೆ ಬರುತ್ತದೆ. ಒಬ್ಬ ಭಿಕ್ಷುವಿಗೆ ಉಪಾಸಕನೊಬ್ಬನ ಮನೆಯ ಎಳೆಗರುವಿನ ಮೇಲೆ ಕಣ್ಣು. ಚಿರತೆಮರಿಯ ಹಾಗೆ ಚುಕ್ಕೆಚುಕ್ಕೆಯ ಚೆಲುವಾದ ಕರು. ಉಪಾಸಕ ಅದನ್ನು ಕೊಂದು, ತೊಗಲು ಸುಲಿದು ಕೊಡುತ್ತಾನೆ. ಭಿಕ್ಷು ಅದನ್ನು ಚೀವರದೊಳಗೆ ಬಚ್ಚಿಟ್ಟು ನಡೆದರೆ ತಾಯಿ ಹಸು ಬೆನ್ನು ಹತ್ತಿ ಬರುತ್ತದೆ. ಹಸು ಯಾಕೆ ನಿನ್ನ ಹಿಂದೆ ಬರುತ್ತಿದೆ ಎಂದು ಉಳಿದವರು ಕೇಳಿದಾಗ ಗೊತ್ತಿಲ್ಲ ಎನ್ನುತ್ತಾನೆ. ಅಷ್ಟರಲ್ಲಿ ಚೀವರಕ್ಕೆ ರಕ್ತ ಹತ್ತಿರುವುದು ಕಾಣುತ್ತದೆ. ಅಲ್ಲಿಂದ ಮುಂದೆ ದನದ ತೊಗಲಿಗೂ ನಿಷೇಧ. ವಿನಯದ ನಿಯಮಗಳು ಬಹುಪಾಲು ಒಣಒಣ. ಈ ಹಸು ಮಾತ್ರ ಓದಿದವರ ಹಿಂದೆಯೂ ಬರುತ್ತದೆ.

ಈ ನಿಯಮಗಳಲ್ಲಿ ಬದುಕಿದ ಸಂಘವೊಂದು ಮುಂಬಯಿಯ ಬೊರಿವಲಿಯ ಬೆಟ್ಟದಲ್ಲಿ, ಕನ್ಹೇರಿಯ ನೂರಕ್ಕೂ ಮಿಕ್ಕ ಗುಹೆಗಳಲ್ಲಿ, ಶತಮಾನಗಳ ಕಾಲ ನೆಲೆಸಿತ್ತು. ಅಲ್ಲಿಯ ಕಲ್ಲಿನ ಕಟ್ಟೆಗಳ ಮೇಲೆ ಡಿಸೆಂಬರಿನ ಬೆಳಗ್ಗೆ ಕೈಯಿಟ್ಟರೆ ತಣ್ಣನೆ ಚುರುಕು ತಾಗುತ್ತದೆ. ಮಲಗುವವನಿಗೆ ಏನಾದರೊಂದು ಹಾಸು ಬೇಕು. ಶಾಸನಗಳು ಹೇಳುವುದು ಬಟ್ಟೆಯ ಸಂಗತಿ. ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ, ಅವನ ಸಾಮಂತ ಶಿಲಾಹಾರ ಎರಡನೆಯ ಕಪರ್ದಿ ಕೊಂಕಣವನ್ನು ನೋಡಿಕೊಳ್ಳುತ್ತಿದ್ದಾಗ, ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಉಪಾಸಕ ನೂರು ದ್ರಮ್ಮಗಳ ದತ್ತಿ ಇಟ್ಟದ್ದನ್ನು ಶಕ 775ರ ಶಾಸನ ದಾಖಲಿಸುತ್ತದೆ. ಅದರ ಬಡ್ಡಿಯಲ್ಲಿ ಭಿಕ್ಷುಗಳಿಗೆ ವಸ್ತ್ರ ಒದಗಬೇಕು. ‘ಕವಿರಾಜಮಾರ್ಗ’ದ ನೃಪತುಂಗನೇ ಆದ ಈ ಅಮೋಘವರ್ಷನ ಕಾಲದಲ್ಲಿ ಮುಂಬಯಿಯ ಗುಡ್ಡದಲ್ಲಿ ಅರಿವೆಯ ಲೆಕ್ಕ ಬರೆದಿಟ್ಟಿದ್ದಾರೆಂಬುದು ಇಲ್ಲಿಯ ಕನ್ನಡಿಗರು ಸಭೆಗಳಲ್ಲಿ ಮರೆಯುವ ಸಂಗತಿ. ಚುಕ್ಕೆಯ ತುಪ್ಪಳ ಆ ಕಾಡಿನಲ್ಲಿ ಇಂದಿಗೂ ಇದೆ, ಚಿರತೆಗಳ ಮೈಮೇಲೆ.

ಇನ್ನು ಸಾವಿರ ವರ್ಷ ದಾಟಿ ಮಲಬಾರ್ ಹಿಲ್‌ಗೆ ಬರುತ್ತೇನೆ. ಮಹಮ್ಮದ್ ಅಲಿ ಜಿನ್ನಾ ಅಲ್ಲಿ 1936ರಲ್ಲಿ ಬಂಗಲೆ ಕಟ್ಟಿಸಿದರು. ವಿಲಾಯತಿ ಸೂಟಿನ ಈ ಬ್ಯಾರಿಸ್ಟರು ಮರುವರ್ಷ ಅಕ್ಟೋಬರಿನ ಮುಸ್ಲಿಂ ಲೀಗಿನ ಲಖ್ನೋ ಅಧಿವೇಶನದಲ್ಲಿ ಶೇರ್ವಾನಿ ಮತ್ತು ಕರಾಕುಲ್ ಕುರಿಮರಿಯ ತುಪ್ಪಳದ ಟೊಪ್ಪಿಯಲ್ಲಿ ಕಾಣಿಸಿಕೊಂಡರು. ಮುಂದೆ ಆ ಟೊಪ್ಪಿಗೆ ಅವರದೇ ಹೆಸರು ಬಿತ್ತು. ಲಖ್ನೋದ ಅಕ್ಟೋಬರ್ ತಲೆಗೆ ತುಪ್ಪಳ ಬೇಡುವ ತಿಂಗಳಲ್ಲ, ಮುಂಬಯಿಯ ಯಾವ ತಿಂಗಳೂ ಅಲ್ಲ. ಅಲ್ಲಿ ಅದು ಕಾಯ್ದದ್ದು ತಲೆಯನ್ನಲ್ಲ, ತಾನು ಯಾರ ಮುಂದಾಳು ಎಂಬ ಗುರುತನ್ನು. ಕರಾಕುಲ್ ತುಪ್ಪಳದ ಬಿಗಿಸುರುಳಿ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಎಳೆಮರಿಯನ್ನೇ ಕೊಯ್ಯುತ್ತಾರೆ. ಮಹಾವಗ್ಗದ ಹಸು ಇಲ್ಲಿಗೂ ಬಂದಳು ಎನ್ನಬೇಕು.

ನಮ್ಮ ಕಡೆಯವರು ಈ ವಿಷಯದಲ್ಲಿ ಹೆಚ್ಚು ಶುದ್ಧರೇನಲ್ಲ. ಮೈಲಾರಲಿಂಗನ ಗೊರವರು ಕರಡಿಕೂದಲಿನ ಟೊಪ್ಪಿಗೆ ಹಾಕಿ, ಕಂಬಳಿ ತೊಟ್ಟು, ಡಮರುಗ ಬಾರಿಸುತ್ತ ಬಯಲುಸೀಮೆಯ ಬಿಸಿಲಲ್ಲಿ ಕುಣಿಯುತ್ತಾರೆ. ಅದೇ ದೈವ ಮಹಾರಾಷ್ಟ್ರಕ್ಕೆ ಖಂಡೋಬಾ. ಬೆವರಿಳಿಯುವ ಹಣೆಯ ಮೇಲೆ ಕರಡಿಯ ಕೂದಲಿಗೆ ಚಳಿಯ ನೆಪ ಹೇಳಿದರೆ ದೇವರೂ ನಂಬುವುದಿಲ್ಲ. ಅದು ದೀಕ್ಷೆಯ ಚಿಹ್ನೆ, ಮನುಷ್ಯನನ್ನು ಊರಿನಿಂದ ತುಸು ಕಾಡಿನ ಕಡೆಗೆ ಸರಿಸುವ ವೇಷ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕರಡಿಯ ತೊಗಲು ಹೊಸದಾಗಿ ಸಿಗುವ ದಾರಿ ಮುಚ್ಚಿತು.

ಹಾಗಾದರೆ ಮುಂಬಯಿಯಲ್ಲಿ ಪ್ರಾಣಿಯ ರೋಮ ಮೈ ಕಾಯ್ದದ್ದೇ ಇಲ್ಲವೆ? ಕಾಯ್ದಿದೆ, ಆದರೆ ತೊಗಲಿನಿಂದ ಬಿಡಿಸಿದ ಮೇಲೆ ಮತ್ತು ಚಳಿಗಲ್ಲ, ಮಳೆಗೆ. ಧನಗರರ ಘೋಂಗಡಿ, ಕುರುಬರ ಕಂಬಳಿ ಎರಡೂ ದಖನಿ ಕುರಿಯ ಒರಟು ರೋಮದ ನೇಯ್ಗೆ. ಮೈಗೆ ಚುಚ್ಚುವ ಈ ರೋಮವೇ ಮಳೆಯ ಹನಿಯನ್ನು ಮೇಲ್ಮೈಯಲ್ಲಿ ತಡೆದು ಜಾರಿಸುತ್ತದೆ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವ ಹೀರಿಯೂ ಉಣ್ಣೆ ಒದ್ದೆಯೆನಿಸುವುದಿಲ್ಲ, ಹೀರುವಾಗ ಒಂದಿಷ್ಟು ಕಾವನ್ನೂ ಬಿಡುತ್ತದೆ. ಹಾಸು ಎಳೆಗಳಿಗೆ ಹುಣಸೆಬೀಜದ ಸರಿ ಬಳಿದು ಗುಂಡಿಮಗ್ಗದಲ್ಲಿ ನೇಯುವುದರಿಂದ ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ತಂದೆಯವರು ರಾಣೆಬೆನ್ನೂರು ಸೀಮೆಯ ಮೆಡ್ಲೇರಿಯಿಂದ ತಂದ ಒಂದು ಕರಿ ಕಂಬಳಿಯಿದೆ. ಮೊದಲ ವರ್ಷ ಅದನ್ನು ಮಡಚಲು ಇಬ್ಬರು ಬೇಕಿತ್ತು. ಮೂಲೆ ಮಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ತಂದೆಯವರು ಜುಲೈ ತಿಂಗಳಲ್ಲಿ ಹಾಲು ತರಲು ಹೋಗುತ್ತಿದ್ದರು. ಲೋಕಲ್ ಟ್ರೇನಿನ ನಿಲ್ದಾಣದಲ್ಲಿ ಜನ ತಿರುಗಿ ನೋಡುತ್ತಿದ್ದರು. ತೇವಕ್ಕೆ ಅದರಿಂದ ಇಂದಿಗೂ ಹಟ್ಟಿಯ ವಾಸನೆ ಏಳುತ್ತದೆ. ತೊಗಲಿನ ಕೋಟು ಈ ಊರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಕಂಬಳಿಗೆ ನುಸಿಗುಳಿಗೆ ಸಾಕು.

ನಿಜವಾಗಿ ಚಳಿಯ ನಾಡಿನಿಂದ ಬಂದವರ ನಡೆ ಈ ಚರ್ಚೆಗೆ ಬೇರೆಯೇ ತಿರುವು ಕೊಡುತ್ತದೆ. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಯೂರಿದ ಟಿಬೆಟನ್ನರು ಚಳಿಗಾಲ ಬಂತೆಂದರೆ ನಗರಗಳ ಬೀದಿಬದಿಯಲ್ಲಿ ಸ್ವೆಟರ್ ಹರವಿ ಕೂರುತ್ತಾರೆ. ಅವರ ಪೂರ್ವಿಕರ ನಾಡಿನಲ್ಲಿ ಛುಬಾ ನಿಲುವಂಗಿಯ ಅಂಚಿಗೆ ಹುಲಿ, ಚಿರತೆ, ನೀರುನಾಯಿಗಳ ತುಪ್ಪಳ ಹಚ್ಚುವುದು ಸಿರಿವಂತಿಕೆಯಾಗಿತ್ತು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯ ಕಾಲಚಕ್ರ ಸಮಾವೇಶದಲ್ಲಿ ದಲೈ ಲಾಮಾ ಇದನ್ನು ಬಿಡಿ ಎಂದು ಕಟುವಾಗಿ ಹೇಳಿದರು. ಕೆಲವೇ ವಾರಗಳಲ್ಲಿ ಟಿಬೆಟ್ಟಿನ ಹಲವೆಡೆ ಜನ ಬೆಲೆಬಾಳುವ ತುಪ್ಪಳವನ್ನು ರಾಶಿ ಹಾಕಿ ಸುಟ್ಟರು. ಆದರೆ ಕುರಿತೊಗಲಿನ ದಪ್ಪ ಅಂಗಿಯನ್ನು ಅಲ್ಲಿಯ ಅಲೆಮಾರಿ ಕುರಿಗಾಹಿ ಬಿಡಲಿಲ್ಲ, ಬಿಡು ಎಂದವರೂ ಇಲ್ಲ. ಅಂಚಿನ ಪಟ್ಟಿಗೂ ಒಳಗಿನ ತೊಗಲಿಗೂ ಇರುವ ವ್ಯತ್ಯಾಸವನ್ನು ಸುಟ್ಟವರೇ ಬೆಂಕಿಯ ಮುಂದೆ ನಿಂತು ತೀರ್ಮಾನಿಸಿದ್ದರು. ಸೋಣ ಕೇಳಿದ್ದ ವಿನಾಯಿತಿಯೂ ಕುರಿ, ಮೇಕೆ, ಜಿಂಕೆಗಳದ್ದೇ.

ಭಾರತ ಸರ್ಕಾರ 2017ರ ಜನವರಿಯಲ್ಲಿ ಮಿಂಕ್, ನರಿ ಮತ್ತು ಚಿಂಚಿಲ್ಲಾಗಳ ತುಪ್ಪಳದ ಆಮದನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಕುರಿಮರಿಯ ಹೆಸರಿಲ್ಲ.