ಕೂಲಿ, ಇನಾಮು, ಖುಷಿ: ಬೀದರ ಸೀಮೆಯ ರೈಲುದಾರಿಯಲ್ಲಿ ಕೈಗಾಣಿಕೆಯ ಚರಿತ್ರೆ

ಬೀದರ, ಭಾಲ್ಕಿ, ಔರಾದ ಸೀಮೆಯ ಪ್ರಯಾಣಿಕರು ದೂರದೂರಿನ ರಾತ್ರಿ ರೈಲು ಹತ್ತುವಾಗ ಮತ್ತು ಇಳಿಯುವಾಗ, ಗಂಟು ಹೊತ್ತವನಿಗೆ, ಹೊದಿಕೆ ತಂದವನಿಗೆ, ಊಟದ ತಟ್ಟೆ ಇಟ್ಟವನಿಗೆ ಕೊಡುವ ಹಣಕ್ಕೆ ಒಂದೇ ಹೆಸರಿಲ್ಲ. ಹಮಾಲಿ, ಬಕ್ಷೀಸು, ಇನಾಮು, ಖುಷಿ, ಚಾಪಾನಿ, ಮಾಮೂಲು ಎಂಬ ಹಲವು ಮಾತುಗಳು ಬಳಕೆಯಲ್ಲಿದ್ದು, ಅವು ಮೇಲ್ನೋಟಕ್ಕೆ ಒಂದೇ ಅರ್ಥದವಾಗಿ ಕಂಡರೂ ಪ್ರತಿಯೊಂದರ ಹಿಂದೆ ಕೊಡುವವನಿಗೂ ಪಡೆಯುವವನಿಗೂ ಇದ್ದ ಬೇರೆಬೇರೆ ಸಂಬಂಧದ ನೆನಪು ಉಳಿದಿದೆ. ಬಹಮನಿ ಅರಸರು 15ನೆಯ ಶತಮಾನದಲ್ಲಿ ಬೀದರವನ್ನು ರಾಜಧಾನಿ ಮಾಡಿಕೊಂಡಾಗಿನಿಂದ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಪಾರಸಿ ಮತ್ತು ಉರ್ದು ಇಲ್ಲಿನ ದರಬಾರಿನ, ದಫ್ತರದ ಭಾಷೆಗಳಾಗಿದ್ದುದರಿಂದ, ಈ ಮಾತುಗಳಲ್ಲಿ ಹೆಚ್ಚಿನವು ಅದೇ ದಾರಿಯಲ್ಲಿ ಜನರ ಬಾಯಿಗೆ ಬಂದವು.

ಇನಾಮು ಎಂದರೆ ಅರಬ್ಬಿಯಲ್ಲಿ ಅನುಗ್ರಹ. ಬಕ್ಷೀಸು ಎಂಬುದು ಕೊಡು, ಕ್ಷಮಿಸು ಎಂಬ ಎರಡೂ ಅರ್ಥಗಳುಳ್ಳ ಪಾರಸಿ ಧಾತುವಿನಿಂದ ಹುಟ್ಟಿದ್ದು. ಎರಡೂ ಮೇಲಿನ ಕೈಯಿಂದ ಕೆಳಗಿನ ಕೈಗೆ ಇಳಿಯುವ ಕೊಡುಗೆಗಳು; ಎಷ್ಟು ಕೊಡಬೇಕು, ಕೊಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವನು ಕೊಡುವವನೇ. ಹೈದರಾಬಾದ್ ಸಂಸ್ಥಾನದಲ್ಲಿ ಜಮೀನು ಕೂಡ ಇನಾಮಾಗಿ ಸಿಗುತ್ತಿತ್ತು, ಮತ್ತು ಪ್ರತಿಯಾಗಿ ದರಬಾರಿಗೆ ಬಂದವರು ನಿಜಾಮರಿಗೆ ನಜರು, ಅಂದರೆ ಗೌರವದ ಕಾಣಿಕೆ, ಒಪ್ಪಿಸುವ ಪದ್ಧತಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದವರೆಗೂ ನಡೆದುಬಂತು. 1949ರಲ್ಲಿ ಜಾಗೀರುಗಳು ರದ್ದಾದವು, 1955ರಲ್ಲಿ ಇನಾಮು ರದ್ದತಿಯ ಕಾನೂನು ಬಂತು. ಜಮೀನಿನ ಇನಾಮು ಹೋದರೂ ಮಾತು ಮಾತ್ರ ಚಿಲ್ಲರೆ ಹಣದ ರೂಪದಲ್ಲಿ ಉಳಿಯಿತು.

ಆದರೆ ಈ ಸೀಮೆಯ ಹಳ್ಳಿಗಳಲ್ಲಿ ಇದಕ್ಕಿಂತ ತೀರ ಬೇರೆಯಾದ ಇನ್ನೊಂದು ವ್ಯವಸ್ಥೆಯೂ ಇತ್ತು. ಕನ್ನಡದಲ್ಲಿ ಆಯ ಎಂದೂ ಮರಾಠಿಯ ಪ್ರಭಾವವಿರುವ ಕಡೆ ಬಲುತೆ ಎಂದೂ ಕರೆಯಲಾಗುವ ಈ ಪದ್ಧತಿಯಲ್ಲಿ, ಬಡಿಗ, ಕಂಬಾರ, ಅಗಸ, ಕ್ಷೌರಿಕ ಮೊದಲಾದವರು ವರ್ಷವಿಡೀ ಮಾಡಿದ ಕೆಲಸಕ್ಕೆ ಪ್ರತಿಯಾಗಿ ಜೋಳದ ರಾಶಿಯ ಹೊತ್ತಿಗೆ ಕಣಕ್ಕೆ ಬಂದು, ಒಕ್ಕಲಿಗನ ಮುಂದೆ ಚೀಲ ಹಿಡಿದು ನಿಂತು, ತಮ್ಮ ಪಾಲಿನ ಕಾಳನ್ನು ಅಳೆಯಿಸಿಕೊಂಡು ಹೋಗುತ್ತಿದ್ದರು. ಜಾತಿಯ ಏರುತಗ್ಗು ಈ ಕಣದಲ್ಲೂ ಇದ್ದೇ ಇತ್ತು ಮತ್ತು ಅಳತೆಯಲ್ಲಿ ಅನ್ಯಾಯಕ್ಕೆ ಎಡೆಯಿತ್ತು ಎಂಬುದನ್ನು ಮರೆಯುವಂತಿಲ್ಲವಾದರೂ, ಆಯ ಎಂಬುದು ಕೇಳಿ ಪಡೆಯಬಹುದಾದ ಪಾಲಾಗಿತ್ತು. ಇದೇ ನೆಲದ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕಾಯಕದ ಫಲವನ್ನು ಇನ್ನೂ ಕಟ್ಟುನಿಟ್ಟಾಗಿ ಅಳೆದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಆ ಹೆಚ್ಚಳವನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಕಳಿಸಿದಳೆಂಬ ಕಥೆ ಸೀಮೆಯಲ್ಲೆಲ್ಲ ಪರಿಚಿತವಾದುದು. ಇನಾಮಿನ ದರಬಾರು ಮತ್ತು ಕಾಯಕದ ಮಹಾಮನೆ ಎರಡನ್ನೂ ಕಂಡ ಈ ನಾಡಿನಲ್ಲಿ ದುಡಿದವನ ಕೈಗೆ ಬೀಳುವ ಹಣ ಪಾಲೋ ಕೊಡುಗೆಯೋ ಎಂಬ ಪ್ರಶ್ನೆ ರೈಲಿಗಿಂತ ಬಹಳ ಹಳೆಯದು.

ರೈಲು ಇಲ್ಲಿಗೆ ತಡವಾಗಿ ಬಂತು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ಹಳಿ ಬಿದ್ದಿದ್ದರೂ, ವಿಕಾರಾಬಾದಿನಿಂದ ಹೊರಟ ಕವಲು ಬೀದರವನ್ನು ತಲುಪಿದ್ದು 1930ರಲ್ಲಿ. ಅದು ಭಾಲ್ಕಿ, ಕಮಲನಗರ, ಉದಗೀರಗಳನ್ನು ಹಾದು ಪರಳಿ ವೈಜನಾಥವನ್ನು ಮುಟ್ಟಿದ್ದು 1932ರಲ್ಲಿ. ಆಗ ಸಂಸ್ಥಾನದ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾ ಚಲಾವಣೆಯಲ್ಲಿತ್ತು, ಮತ್ತು ಬ್ರಿಟಿಷ್ ರೂಪಾಯಿಯನ್ನು ಕಲದಾರ ಎನ್ನುತ್ತಿದ್ದರು. ಸುಮಾರು 7 ಹಾಲಿ ರೂಪಾಯಿಗೆ 6 ಕಲದಾರ ಎಂಬ ಲೆಕ್ಕವಿದ್ದುದರಿಂದ, ಮುಂಬಯಿಯಿಂದ ದುಡಿದು ಬಂದವನ ಕೈಯ ಆಣೆಗೂ ಬೀದರದ ಆಣೆಗೂ ಬೆಲೆ ಒಂದೇ ಆಗಿರಲಿಲ್ಲ. ರೈಲು ತಂದ ದೊಡ್ಡ ಬದಲಾವಣೆ ಎಂದರೆ ಅಪರಿಚಿತತೆ. ಕಣದಲ್ಲಿ ಕೊಡುವವನೂ ಪಡೆಯುವವನೂ ಮುಂದಿನ ರಾಶಿಗೆ ಮತ್ತೆ ಎದುರಾಗುತ್ತಿದ್ದರು. ನಿಲ್ದಾಣದ ಫಲಾಟಿನಲ್ಲಿ (ಪ್ಲಾಟ್‌ಫಾರ್ಮಿನಲ್ಲಿ) ಗಂಟು ಇಳಿಸಿದವನ ಮುಖವನ್ನು ಪ್ರಯಾಣಿಕ ಮತ್ತೆ ಕಾಣುವ ಭರವಸೆಯೇ ಇರಲಿಲ್ಲ.

ಹಮಾಲ ಎಂದರೆ ಅರಬ್ಬಿಯಲ್ಲಿ ಭಾರ ಹೊರುವವನು, ಅವನಿಗೆ ಸಲ್ಲುವುದು ಹಮಾಲಿ. ಬೀದರದ ಗಾಂಧಿ ಗಂಜಿನಲ್ಲಿ ತೊಗರಿ, ಉದ್ದು, ಹೆಸರಿನ ಚೀಲಗಳನ್ನು ಹೊರುವವರಿಗೂ ಇದೇ ಹೆಸರು, ಅಲ್ಲಿ ಹಮಾಲಿ ಚೀಲಕ್ಕೆ ಇಷ್ಟು ಎಂಬ ಲೆಕ್ಕದ್ದು. ರೈಲ್ವೆ ಬಳಸಿದ ಕೂಲಿ ಎಂಬ ಮಾತಿನದು ಇನ್ನೂ ವಿಚಿತ್ರ ಕಥೆ: ಕನ್ನಡ, ತಮಿಳುಗಳಲ್ಲಿ ಕೂಲಿ ಎಂದರೆ ದುಡಿಮೆಗೆ ಸಿಗುವ ಸಂಬಳವೇ ಆಗಿರುವಾಗ, ಇಂಗ್ಲಿಷರು ಅದನ್ನು ದುಡಿಯುವ ಮನುಷ್ಯನ ಹೆಸರನ್ನಾಗಿ ಮಾಡಿದರು. ಸಂಬಳದ ಹೆಸರು ಹೊತ್ತ ಈ ಮನುಷ್ಯನಿಗೆ ರೈಲ್ವೆಯಿಂದ ಸಂಬಳ ಮಾತ್ರ ಇಲ್ಲ. ಕೆಂಪಂಗಿ ತೊಟ್ಟು, ರಟ್ಟೆಗೆ ಹಿತ್ತಾಳೆಯ ಬಿಲ್ಲೆ ಕಟ್ಟಿಕೊಂಡ ಹಮಾಲ ಪಡೆದಿರುವುದು ಕೇವಲ ಪರವಾನಗಿ. ನಿಲ್ದಾಣದಲ್ಲಿ ದರದ ಹಲಗೆ ತೂಗುಹಾಕಿದ್ದರೂ ಅವನ ಮನೆಯ ಒಲೆ ಉರಿಯುವುದು ಪ್ರಯಾಣಿಕನ ಕೈಯಿಂದಲೇ. ಆದ್ದರಿಂದ ಅವನಿಗೆ ಕೊಟ್ಟ ಹಣವನ್ನು ಬಕ್ಷೀಸು ಎನ್ನುವುದು ತಪ್ಪು, ಮತ್ತು ಆ ತಪ್ಪಿನಿಂದ ನಷ್ಟವಾದದ್ದು ಯಾವಾಗಲೂ ಅವನಿಗೇ. 2016ರ ರೈಲ್ವೆ ಬಜೆಟ್ಟಿನಲ್ಲಿ ಇವರನ್ನು ಇನ್ನು ಸಹಾಯಕರೆಂದು ಕರೆಯಲಾಗುವುದೆಂದು ಘೋಷಿಸಲಾಯಿತು; ಹೆಸರು ಮರ್ಯಾದೆಯದೇ, ಆದರೆ ಅಷ್ಟರಲ್ಲಿ ಚಕ್ರದ ಪೆಟ್ಟಿಗೆಗಳು ಬಂದು ಹೊರುವ ಭಾರವೇ ಕಡಿಮೆಯಾಗಿತ್ತು.

ಮೂರನೆಯ ದರ್ಜೆಯ ಪ್ರಯಾಣಿಕನಿಗೆ ಹಮಾಲ ಬರಿಯ ಭಾರ ಹೊರುವವನಾಗಿರಲಿಲ್ಲ, ಜಾಗ ಕೊಡಿಸುವವನೂ ಆಗಿದ್ದ. 1917ರಲ್ಲಿ ಲಾಹೋರಿನಲ್ಲಿ ಗಾಡಿ ಬದಲಿಸಬೇಕಾದ ಗಾಂಧೀಜಿಗೆ ಎಲ್ಲಿಯೂ ಕಾಲಿಡಲು ಎಡೆ ಸಿಗದಿದ್ದಾಗ, ಹಮಾಲನೊಬ್ಬ 12 ಆಣೆ ಕೊಟ್ಟರೆ ಜಾಗ ಕೊಡಿಸುವೆನೆಂದು ಹೇಳಿ, ಡಬ್ಬಿಯಿಂದ ಡಬ್ಬಿಗೆ ಓಡಾಡಿ, ಕೊನೆಗೆ ಅವರನ್ನು ಕಿಟಕಿಯ ಮೂಲಕ ಒಳಗೆ ನೂಕಿ ತನ್ನ 12 ಆಣೆಯನ್ನು ಸಂಪಾದಿಸಿದ ಸಂಗತಿ ಅವರ ಆತ್ಮಕಥೆಯಲ್ಲಿದೆ. ಮೊದಲೇ ಆಡಿಕೊಂಡ ಮಾತು, ಮಾಡಿದ ಕೆಲಸ, ಸಂದ ಹಣ: ಮೂರೂ ಸ್ಪಷ್ಟವಾಗಿದ್ದ ಈ ವ್ಯವಹಾರದಲ್ಲಿ ದೊರೆತನವೂ ಇರಲಿಲ್ಲ, ದೈನ್ಯವೂ ಇರಲಿಲ್ಲ.

ಇಂದಿನ ರಾತ್ರಿ ರೈಲಿನಲ್ಲಿ ಗೆರೆ ಇಷ್ಟು ನೇರವಾಗಿಲ್ಲ. ಎಸಿ ಡಬ್ಬಿಯಲ್ಲಿ ಎರಡು ಬಿಳಿ ಚಾದರ ಇಟ್ಟ ಕಂದು ಕಾಗದದ ಲಕೋಟೆ, ದಿಂಬು, ಕಂಬಳಿಗಳ ಬೆಲೆ ಸಾಮಾನ್ಯವಾಗಿ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಅವನ್ನು ಹಂಚಿ, ಬೆಳಗಿನ ಜಾವ ಒಂದೊಂದಾಗಿ ಮಡಚಿ ಮೂಟೆ ಕಟ್ಟುವ ಹುಡುಗ ಬಹುಪಾಲು ಗುತ್ತಿಗೆಯವನು. ಇಳಿಯುವ ಊರು ಹತ್ತಿರವಾದಾಗ ಅವನು ಏನೂ ಕೇಳದೆ ಸೀಟಿನ ಬದಿಯಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲುವುದೇ ಕೋರಿಕೆಯಾಗಿ ಅರ್ಥವಾಗುತ್ತದೆ. ರಾಜಧಾನಿ ಗಾಡಿಗಳಲ್ಲಿ ಬಡೇಸೋಪು, ಕಲ್ಲುಸಕ್ಕರೆ ಇಟ್ಟ ತಟ್ಟೆ ಪ್ರಯಾಣದ ಕೊನೆಗೆ ಸೀಟಿನಿಂದ ಸೀಟಿಗೆ ಬರುತ್ತದೆ, ಅದರಲ್ಲಿ ಮೊದಲೇ ಒಂದೆರಡು ನೋಟು ಬಿದ್ದಿರುತ್ತವೆ. 2018ರಲ್ಲಿ ರೈಲ್ವೆ, ಟಿಪ್ಸ್ ಕೊಡಬೇಡಿ, ಬಿಲ್ಲು ಕೊಡದಿದ್ದರೆ ಊಟ ಉಚಿತ ಎಂಬ ಸೂಚನೆಯನ್ನು ಗಾಡಿಗಳಲ್ಲಿ ಹಾಕಿಸಲು ಮುಂದಾಯಿತು. ಪ್ರಯಾಣಿಕನನ್ನು ಸುಲಿಗೆಯಿಂದ ಕಾಯಲು ಅದು ಬೇಕಾದದ್ದೇ. ಆದರೆ ಗುತ್ತಿಗೆಯ ಹುಡುಗನ ಸಂಬಳದ ಬಗ್ಗೆ ಆ ಸೂಚನೆ ಏನನ್ನೂ ಹೇಳಲಿಲ್ಲ.

ಮಾಮೂಲು ಎಂಬ ಮಾತು ಮಾತ್ರ ಇವೆಲ್ಲವುಗಳಿಂದ ದೂರ ನಿಲ್ಲಬೇಕು. ರೂಢಿಯಾದದ್ದು ಎಂಬುದು ಅದರ ಅರಬ್ಬಿ ಅರ್ಥವಾಗಿದ್ದರೂ, ಕನ್ನಡದಲ್ಲಿ ಅದು ಲಂಚದ ಮೆತ್ತನೆಯ ಹೆಸರಾಗಿದೆ. ಖಾಲಿ ಬರ್ತಿಗಾಗಿ ಸಂಬಳದ ನೌಕರನ ಕೈಗೆ ಇಡುವ ನೋಟು ಈ ಜಾತಿಯದು, ಅದು ಕಾಯುವವರ ಪಟ್ಟಿಯಲ್ಲಿ ಮುಂದಿರುವ ಇನ್ನೊಬ್ಬನ ಜಾಗವನ್ನು ಕಸಿಯುತ್ತದೆ.

ಔರಾದ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. ಹೈದರಾಬಾದು, ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗುವ ಅಲ್ಲಿನ ಕುಟುಂಬಗಳು ಪಾತ್ರೆಪಗಡಿ, ಜೋಳದ ಹಿಟ್ಟು, ಹಾಸಿಗೆಯ ಸುರುಳಿಗಳೊಂದಿಗೆ ಬಸ್ಸು ಹಿಡಿದು ಬೀದರ ಇಲ್ಲವೆ ಭಾಲ್ಕಿ ನಿಲ್ದಾಣಕ್ಕೆ ಬರಬೇಕಾಗುತ್ತದೆ. ಗಂಟಿಗೆ ಕೈ ಹಚ್ಚುವ ಮೊದಲೇ ಅವರು ಕೇಳುವ ಮಾತು, "ಹಮಾಲಿ ಎಷ್ಟು?" ಎಂಬುದು, ದರ ಒಪ್ಪಿತವಾದ ಮೇಲೆಯೇ ಗಂಟು ತಲೆಗೇರುತ್ತದೆ. ಕೊನೆಯ ಚೀಲ ಬರ್ತಿನ ಕೆಳಗೆ ಸರಿದು, ಆಡಿದಷ್ಟು ಹಣ ಎಣಿಸಿಯಾದ ನಂತರ, ಗಾಡಿ ಅಲುಗುವ ಮುಂಚೆ ಕಿಟಕಿಯಿಂದ ಚಾಚುವ ಮತ್ತೊಂದು ಹತ್ತರ ನೋಟಿಗೆ ಅವರ ಮಾತಿನಲ್ಲಿ ಬೇರೆಯದೇ ಹೆಸರಿದೆ: ಚಾಪಾನಿ.