ರೆಸಿಡೆನ್ಸಿಯ ನೆರಳಿನಲ್ಲಿ ವಾರ್ತಾವಿದ್ಯೆ

ಇಂದು ಸುಲ್ತಾನ್ ಬಜಾರ್ ಎನಿಸಿಕೊಳ್ಳುವ ಹೈದರಾಬಾದಿನ ಪೇಟೆಯು, ಬ್ರಿಟಿಷ್ ರಾಯಭಾರಿ (ರೆಸಿಡೆಂಟ್) ಕರ್ಕ್‌ಪ್ಯಾಟ್ರಿಕ್ಕನು 19ನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯ ಆಶ್ರಯದಲ್ಲಿ ಬೆಳೆದು, 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳುವವರೆಗೆ ರೆಸಿಡೆನ್ಸಿ ಬಜಾರೆಂದೇ ಪ್ರಸಿದ್ಧವಾಗಿತ್ತು. ರೆಸಿಡೆನ್ಸಿಯ ಆದಿಕಾಲದಲ್ಲಿ ದರ್ಬಾರಿನ ವೃತ್ತಾಂತವು ಓಲೆಕಾರರ ಕೈಯಲ್ಲಿ ಕಲ್ಕತ್ತೆಗೆ ದಿನಗಟ್ಟಲೆ ಪಯಣಿಸುತ್ತಿತ್ತು. ಆ ಸೌಧದಲ್ಲಿ 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮಹಿಳಾ ಕಾಲೇಜು ನೆಲೆಗೊಳ್ಳಲು, ರಾಜ್ಯರಹಸ್ಯಗಳ ಆಲಯವು ವಿದ್ಯಾಲಯವಾಯಿತು. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಲಬುರ್ಗಿ, ರಾಯಚೂರು, ಬೀದರಗಳ ಕನ್ನಡಿಗರಿಗೂ ಈ ನಗರವು ಉಚ್ಚಶಿಕ್ಷಣದ ಹೆಬ್ಬಾಗಿಲಾಗಿತ್ತು. ಈಗ ಸಮೀಪದ ಗುಜರಾತಿ ಗಲ್ಲಿಯ ಅಂಗಡಿಗಳಲ್ಲಿ ಕೇಬಲ್ಲು, ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಆರಿಸುತ್ತ ನಿಂತ ವಿದ್ಯಾರ್ಥಿಗಳನ್ನು ಕಂಡಾಗ, ವಾರ್ತೆ ಕಳುಹಿಸಿ ದೂರವನ್ನು ಜಯಿಸುವ ವಿದ್ಯೆಯು ರಾಯಭಾರಿಯ ಮಂದಿರದಿಂದ ಬೀದಿಗಿಳಿದು ಸರ್ವರ ಸ್ವತ್ತಾಯಿತಲ್ಲಾ ಎಂಬ ಧನ್ಯಭಾವವು ಹೃದಯವನ್ನು ತುಂಬುತ್ತದೆ.